ಹಳೆಯ ಕಾರಿನ ತಳಕ್ಕೆ ಯಾವ ಬಣ್ಣ?

ಮೇಲಿನ ಹೊಳಪಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರೂ ತಳದ ಬಣ್ಣವನ್ನು ಕೊನೆಯ ದಿನಕ್ಕೆ ಬಿಡುತ್ತಾರೆ. ಆದರೆ ಕಾರಿನ ಆಯಸ್ಸು ಇರುವುದು ಅಲ್ಲೇ.

ವಿಂಟೇಜ್ ಕಾರುಗಳ ರ್‍ಯಾಲಿಗೆ ಹೋದವರ ಕಣ್ಣು ಮೊದಲು ಬೀಳುವುದು ಬಾನೆಟ್ಟಿನ ಹೊಳಪಿನ ಮೇಲೆ, ಕ್ರೋಮ್ ಬಂಪರಿನ ಮೇಲೆ. ಬಲ್ಲವರು ಮಾತ್ರ ಕುಕ್ಕರುಗಾಲಲ್ಲಿ ಕುಳಿತು ಕಾರಿನ ಕೆಳಗೆ ಬಗ್ಗಿ ನೋಡುತ್ತಾರೆ. ಜೀರ್ಣೋದ್ಧಾರದ ಕೆಲಸ ಎಷ್ಟು ಪ್ರಾಮಾಣಿಕವಾಗಿ ನಡೆದಿದೆ ಎಂಬುದು ಅವರಿಗೆ ಅಲ್ಲೇ ಗೊತ್ತಾಗುತ್ತದೆ.

ಅದಕ್ಕೆ ಕಾರಣ ಕಾರಿನ ರಚನೆಯಲ್ಲೇ ಇದೆ. ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರ್‌ಗಾಗಲಿ, ಮುಂಬಯಿಯ ಕುರ್ಲಾದಿಂದ ಬಂದ ಪ್ರೀಮಿಯರ್ ಪದ್ಮಿನಿಗಾಗಲಿ ಪ್ರತ್ಯೇಕ ಚಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿಗಳು, ಅಡ್ಡ ತೊಲೆಗಳು ಎಲ್ಲವನ್ನೂ ಬೆಸೆದು ಮಾಡಿದ ಬಾಡಿಯೇ ಅವುಗಳ ಬೆನ್ನೆಲುಬು. ತಳ ತುಕ್ಕು ತಿಂದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ಸಸ್ಪೆನ್ಷನ್ ಹಿಡಿದ ಜಾಗ ಸಡಿಲಾಗುತ್ತದೆ, ಜಾಕಿ ಕೊಟ್ಟರೆ ತಗಡೇ ಒಳಗೆ ಹೋಗುತ್ತದೆ. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತು ಹಳೆಯ ವಿಲ್ಲೀಸ್ ಜೀಪುಗಳ ಕಥೆ ಬೇರೆ. ಅವುಗಳಲ್ಲಿ ಬಾಡಿಯನ್ನು ಎತ್ತಿಟ್ಟು, ಚಾಸಿಯನ್ನು ಬಿಡಿಯಾಗಿಯೇ ಸ್ವಚ್ಛ ಮಾಡಿ ಬಣ್ಣ ಹೊಡೆಯಬಹುದು. ಹಾಗಾಗಿ ಬಣ್ಣದ ಡಬ್ಬಿ ತರುವ ಮೊದಲು ಕಾರು ಇವೆರಡರಲ್ಲಿ ಯಾವ ಜಾತಿಯದು ಎಂದು ನೋಡಿಕೊಳ್ಳಬೇಕು.

ಕೆರೆಯುವ ಮೊದಲು ಹುಡುಕಿ

ಮೊದಲ ಪ್ರಶ್ನೆ, ಕಾರ್ಖಾನೆಯಿಂದ ಬಂದಾಗ ತಳ ಯಾವ ಬಣ್ಣದಲ್ಲಿತ್ತು? ‘ತಳ ಎಂದರೆ ಕಪ್ಪು’ ಎಂಬುದು ನಮ್ಮ ಗ್ಯಾರೇಜುಗಳ ರೂಢಿ. ಕೆಲವು ಕಾರುಗಳಿಗೆ ಅದು ಸರಿ, ಎಲ್ಲಕ್ಕೂ ಹೊಂದುವುದಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನ ತಳವನ್ನು ಬಾಡಿಯಿಂದ ಬೇರೆಯಾಗಿಯೇ ತಯಾರಿಸಿ ಕಪ್ಪು ಬಳಿಯುತ್ತಿದ್ದರು. ಬಾಡಿ ಅದರ ಮೇಲೆ ಬೋಲ್ಟಿನಿಂದ ಕೂರುತ್ತಿತ್ತು. ಆದರೆ ಅಮೆರಿಕದಲ್ಲಿ 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗ್‌ನಲ್ಲಿ ತಳದ ಬಣ್ಣ ಕಾರ್ಖಾನೆಯಿಂದ ಕಾರ್ಖಾನೆಗೇ ಬದಲಾಗುತ್ತಿತ್ತು. ಕೆಲವಕ್ಕೆ ಕೆಂಪು ಪ್ರೈಮರ್, ಕೆಲವಕ್ಕೆ ಬೂದು. ಬಾಡಿಗೆ ಹೊಡೆದ ಬಣ್ಣ ಅಂಚಿನಿಂದ ಒಳಕ್ಕೆ ಹಾರಿ, ಆ ಪ್ರೈಮರಿನ ಮೇಲೆ ತೆಳುವಾಗಿ ಕೂತಿರುತ್ತಿತ್ತು. ಇಂದು ಮಸ್ಟಾಂಗನ್ನು ಪ್ರದರ್ಶನ ಸ್ಪರ್ಧೆಗೆ ಸಿದ್ಧಪಡಿಸುವವರು ಆ ಹಾರಿದ ಬಣ್ಣವನ್ನೂ ಇದ್ದ ಹಾಗೆಯೇ ಮರುಸೃಷ್ಟಿ ಮಾಡುತ್ತಾರೆ.

ನಿಮ್ಮ ಕಾರಿನ ಮೂಲ ಬಣ್ಣ ಯಾವುದೆಂದು ಕಾರೇ ಹೇಳುತ್ತದೆ, ಕೇಳುವ ತಾಳ್ಮೆ ಬೇಕು. ಬ್ರೇಕ್ ಪೈಪನ್ನು ತಳಕ್ಕೆ ಹಿಡಿದ ಪುಟ್ಟ ಕ್ಲಿಪ್ಪನ್ನು ಬಿಚ್ಚಿ ನೋಡಿ. ಸುತ್ತಲೂ ಎಣ್ಣೆ, ಮಣ್ಣು, ಮೇಲೆ ಮೇಲೆ ಬಳಿದ ಕಪ್ಪು. ಕ್ಲಿಪ್ ಕೂತ ಬೆರಳಗಲದ ಜಾಗದಲ್ಲಿ ಮಾತ್ರ ಗಾಳಿ, ನೀರು, ಕುಂಚ ಯಾವುದೂ ತಾಗದ ಮೊದಲ ಬಣ್ಣ ಉಳಿದಿರುತ್ತದೆ. ಪೆಟ್ರೋಲ್ ಟ್ಯಾಂಕನ್ನು ಇಳಿಸಿದರೆ ಅದರ ಮೇಲ್ಭಾಗ ತಾಗುತ್ತಿದ್ದ ಕಡೆ, ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಬ್ರಾಕೆಟ್ಟಿನ ಸಂದಿನಲ್ಲಿ ಇಂಥದೇ ಸಾಕ್ಷಿ ಸಿಗುತ್ತದೆ. ಹಗಲ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಪಕ್ಕದಲ್ಲಿ ಬಣ್ಣದ ಶೇಡ್ ಕಾರ್ಡ್ ಹಿಡಿದು ಹೊಂದಿಸಿ ಬರೆದಿಡಿ. ಒಮ್ಮೆ ಕೆರೆದು ಹಾಕಿದರೆ ಈ ದಾಖಲೆ ಮತ್ತೆ ಸಿಗುವುದಿಲ್ಲ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟುರಿನ್ ಸನ್ನದಿನ ಸಾರವೂ ಇದೇ: ಇರುವುದನ್ನು ಉಳಿಸಿ, ಮಾಡಿದ್ದನ್ನು ದಾಖಲಿಸಿ, ಮುಂದಿನವರು ಬೇಕೆಂದರೆ ತೆಗೆಯಲು ಬರುವಂಥ ಕೆಲಸ ಮಾಡಿ.

ಮೊದಲು ತಗಡು, ಆಮೇಲೆ ಬಣ್ಣ

ನಮ್ಮಲ್ಲಿ ಹಳೆಯ ಕಾರುಗಳ ತಳದಲ್ಲಿ ಹೆಚ್ಚಾಗಿ ಕಾಣುವುದು ಡಾಂಬರಿನಂಥ ದಪ್ಪ ಕಪ್ಪು ಲೇಪ. ಹೊಸದರಲ್ಲಿ ಅದು ಮೆತ್ತಗೆ, ಕಲ್ಲೇಟನ್ನು ನುಂಗಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಬಿರುಸಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಹೊರಬರಲಾಗದೆ ತಗಡಿಗೂ ಲೇಪಕ್ಕೂ ನಡುವೆ ಹರಡಿಕೊಳ್ಳುತ್ತದೆ. ಜಾಕಿ ಕೊಡುವ ಜಾಗದ ಪಕ್ಕದಲ್ಲಿ ಸ್ಕ್ರೇಪರಿನ ತುದಿಯನ್ನು ಲೇಪದ ಅಂಚಿಗೆ ಕೊಟ್ಟು ಒತ್ತಿದರೆ ಅಂಗೈಯಗಲದ ಹಾಳೆ ಒಂದೇ ಸಲಕ್ಕೆ ಎದ್ದು ಬರುತ್ತದೆ. ಹೊರಗಡೆ ನುಣುಪಾದ ಕಪ್ಪು, ಒಳಗಡೆ ಒದ್ದೆಯಾದ ಕೆಂಪು ಹುಡಿ. ಸ್ಕ್ರೂಡ್ರೈವರಿನಲ್ಲಿ ಮೆಲ್ಲಗೆ ತಟ್ಟಿದರೆ ತಗಡಿನಲ್ಲಿ ತೂತು. ತಳ ಚೆನ್ನಾಗಿದೆ ಎಂದುಕೊಂಡು ಓಡಿಸಿದ ವರ್ಷಗಳಲ್ಲೆಲ್ಲ ಆ ಲೇಪದ ಮರೆಯಲ್ಲಿ ತುಕ್ಕು ತನ್ನ ಕೆಲಸ ಮಾಡುತ್ತಲೇ ಇತ್ತು.

ಹಾಗಾಗಿ ಹಳೆಯ ಲೇಪವನ್ನು ಪೂರ್ತಿ ತೆಗೆಯಲೇಬೇಕು. ಬಿಸಿಗಾಳಿಯ ಗನ್ ಹಿಡಿದು ಮೆತ್ತಗೆ ಮಾಡಿ ಸ್ಕ್ರೇಪರಿನಿಂದ ಎಬ್ಬಿಸುವುದು, ಉಳಿದದ್ದನ್ನು ವೈರ್ ಬ್ರಷ್‌ನಿಂದ ಉಜ್ಜುವುದು ನಿಧಾನದ ಕೆಲಸ, ಆದರೆ ತಗಡಿಗೆ ಕ್ಷೇಮ. ಮರಳು ಚಿಮ್ಮಿಸುವ ಬ್ಲಾಸ್ಟಿಂಗ್ ದಪ್ಪ ಚಾಸಿಗೆ, ಸಸ್ಪೆನ್ಷನ್ ತೋಳುಗಳಿಗೆ ಒಳ್ಳೆಯದು. ನೆಲದ ತೆಳು ತಗಡಿಗೆ ಅದನ್ನೇ ಜೋರಾಗಿ ಹಿಡಿದರೆ ತಗಡು ಉಬ್ಬಿ ಸೊಟ್ಟಗಾಗುತ್ತದೆ. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಟಿಂಕರಿಂಗ್ ಕೆಲಸ ಮುಗಿಯುವವರೆಗೆ ಬಣ್ಣದ ಮಾತು ಬೇಡ. ತೂತಿಗೆ ಪುಟ್ಟಿ ಮೆತ್ತಿ ಮೇಲೆ ಕಪ್ಪು ಹೊಡೆದ ತಳ ಮಾಲೀಕನಿಗೆ ಮಾಡುವ ಮೋಸ, ಕಾರಿನಲ್ಲಿ ಕೂರುವವರ ಜೀವಕ್ಕೆ ಅಪಾಯ.

ಕರಾವಳಿಯ ಕಾರಾದರೆ ಇನ್ನೊಂದು ಹೆಜ್ಜೆ ಜಾಸ್ತಿ. ತುಕ್ಕಿನ ಗುಳಿಗಳಲ್ಲಿ ಉಪ್ಪು ಕೂತಿರುತ್ತದೆ. ಅದನ್ನು ಶುದ್ಧ ನೀರಿನಿಂದ ತೊಳೆದು, ತಕ್ಷಣ ಒಣಗಿಸದಿದ್ದರೆ ಎಂಥ ಬಣ್ಣದ ಅಡಿಯಲ್ಲೂ ಗುಳ್ಳೆ ಏಳುತ್ತದೆ. ಬೆತ್ತಲಾದ ತಗಡು ಮಳೆಗಾಲದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕಂದುತ್ತದೆ. ಗಾಳಿಯ ತೇವಾಂಶ ಶೇ 85 ಮೀರಿದ್ದಾಗ ಬಣ್ಣ ಹೊಡೆಯಬಾರದು, ಇಬ್ಬನಿ ಕೂರುವ ಉಷ್ಣತೆಗಿಂತ ತಗಡಿನ ಉಷ್ಣತೆ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು ಎಂಬುದು ಉಕ್ಕಿಗೆ ಬಣ್ಣ ಬಳಿಯುವವರೆಲ್ಲ ಪಾಲಿಸುವ ನಿಯಮ. ಮಂಗಳೂರು, ಉಡುಪಿಯವರು ಈ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಿಗೆ ಇಟ್ಟುಕೊಳ್ಳುವುದೇ ಸರಿ.

ಅಂಗಡಿಯಲ್ಲಿ ಸಿಗುವುದೇನು?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಯಾವುದೇ ಊರಿನ ಪೇಂಟ್ ಅಂಗಡಿಯಲ್ಲಾಗಲಿ ಮೊದಲು ಕೈಗೆ ಬರುವುದು ರೆಡ್ ಆಕ್ಸೈಡ್. ಅಗ್ಗ, ಕುಂಚದಲ್ಲೂ ಬಳಿಯಬಹುದು. ಕಿಟಕಿ ಸರಳಿಗೆ ನಡೆಯುವ ಈ ಪ್ರೈಮರ್ ಮೇಲೆ ಬೇರೆ ಬಣ್ಣವಿಲ್ಲದಿದ್ದರೆ ನೀರನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಕಾರಿನ ತಳಕ್ಕೆ ಇದೊಂದನ್ನೇ ನಂಬಬಾರದು.

ಬುನಾದಿಗೆ ಇಂದು ಅತ್ಯುತ್ತಮವಾದದ್ದು ಎರಡು ಡಬ್ಬಿ ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್. ಬೆತ್ತಲೆ ತಗಡನ್ನು ಬಿಗಿಯಾಗಿ ಹಿಡಿಯುತ್ತದೆ, ನೀರನ್ನು ತಡೆಯುತ್ತದೆ. ಇದರ ಮೇಲೆ ಬೆಸುಗೆಯ ಸಂದುಗಳಿಗೆಲ್ಲ ಸೀಮ್ ಸೀಲರ್ ತುಂಬಬೇಕು, ಆಮೇಲೆ ಮೇಲಿನ ಬಣ್ಣ.

ತುಕ್ಕಿನ ಮೇಲೆಯೇ ಬಳಿಯಬಹುದೆಂದು ಮಾರುವ ಬಣ್ಣಗಳಲ್ಲಿ ತೇವಾಂಶ ಹೀರಿ ಗಟ್ಟಿಯಾಗುವ ಯುರೆಥೇನ್ ಜಾತಿಯವು ಪ್ರಸಿದ್ಧ. ಬಿಗಿಯಾದ, ಒರಟು ಮೇಲ್ಮೈಯನ್ನು ಅವು ಚೆನ್ನಾಗಿ ಹಿಡಿಯುತ್ತವೆ. ನುಣುಪಾದ ಹೊಸ ತಗಡಿನಿಂದ ಹಾಳೆಯಂತೆ ಸುಲಿದು ಬರುತ್ತವೆ. ಬಿಸಿಲು ತಾಗಿದರೆ ಬಣ್ಣಗೆಡುವುದರಿಂದ ಅಂಚುಗಳಿಗೆ ಮೇಲೊಂದು ಕೋಟ್ ಬೇಕೇ ಬೇಕು.

ಪೌಡರ್ ಕೋಟಿಂಗ್‌ಗೆ 180ರಿಂದ 200 ಡಿಗ್ರಿ ಸೆಲ್ಸಿಯಸ್ ಒಲೆ ಬೇಕು. ಹಾಗಾಗಿ ಅದು ಬಿಚ್ಚಿ ತೆಗೆದ ಭಾಗಗಳಿಗೆ ಮಾತ್ರ. ನೋಡಲು ಚೆಂದ, ಗಟ್ಟಿ. ಆದರೆ ಒಂದು ಕಡೆ ಕಲ್ಲು ತಾಗಿ ಚಕ್ಕೆ ಎದ್ದರೆ ನೀರು ಪದರದ ಅಡಿಗೆ ನುಸುಳುತ್ತದೆ, ಅಷ್ಟೇ ಜಾಗವನ್ನು ರಿಪೇರಿ ಮಾಡುವುದು ಕಷ್ಟ. ಚಾಸಿಯ ಬೆಸುಗೆಯಲ್ಲಿ ಬಿದ್ದ ಸಣ್ಣ ಬಿರುಕೂ ಅದರ ಅಡಿಯಲ್ಲಿ ಮರೆಯಾಗಬಹುದು.

ಚಕ್ರದ ಗೂಡಿನೊಳಗೆ ಕಲ್ಲೇಟು ಜಾಸ್ತಿ. ಅಲ್ಲಿಗೆ ಒರಟಾಗಿ ಒಣಗುವ ಸ್ಟೋನ್ ಚಿಪ್ ಕೋಟಿಂಗ್ ಸೂಕ್ತ, ಅದರ ಮೇಲೆ ಬೇಕಾದ ಬಣ್ಣವನ್ನೂ ಹೊಡೆಯಬಹುದು. ಗನ್ನಿನ ಬಾಯಿ ಹೋಗದ ಪೆಟ್ಟಿಗೆ ತೊಲೆಗಳ ಒಳಗೆ ಮೇಣದ ಲೇಪವನ್ನು ಉದ್ದ ನಳಿಕೆಯಿಂದ ಚಿಮ್ಮಿಸಬೇಕು. ಇದು ಎಲ್ಲ ಬಣ್ಣವೂ ಒಣಗಿದ ಮೇಲಿನ ಕೆಲಸ, ಏಕೆಂದರೆ ಮೇಣದ ಮೇಲೆ ಬಣ್ಣ ನಿಲ್ಲದು. ಕೆಲವು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು.

ಎರಡು ಡಬ್ಬಿಯ ಯುರೆಥೇನ್ ಬಣ್ಣ ಸಿಂಪಡಿಸುವಾಗ ಒಂದು ಎಚ್ಚರ ಅತ್ಯಗತ್ಯ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಶಾಶ್ವತ ತೊಂದರೆ ತರಬಲ್ಲದು. ಮುಖಕ್ಕೆ ಕಟ್ಟಿದ ಕರವಸ್ತ್ರ ಏನನ್ನೂ ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಬರುವ ಮಾಸ್ಕ್ ಬೇಕು. ಸರ್ವಿಸ್ ಗುಂಡಿಯೊಳಗೆ ನಿಂತು ಈ ಬಣ್ಣ ಹೊಡೆಯಲು ಯಾವ ಪೇಂಟರನ್ನೂ ಇಳಿಸಬೇಡಿ.

ಹೊಳಪೋ, ಮಂಕೋ?

ಪೂರ್ತಿ ಹೊಳಪಿನ ಬಣ್ಣದ ಮೇಲೆ ಕೆಸರು ನಿಲ್ಲದು, ತೊಳೆದರೆ ಹೋಗುತ್ತದೆ. ಆದರೆ ಸುತ್ತಿಗೆಯ ಪ್ರತಿಯೊಂದು ಗುರುತನ್ನೂ ಅದು ಎತ್ತಿ ತೋರಿಸುತ್ತದೆ. ಪೂರ್ತಿ ಮಂಕು ಬಣ್ಣ ತಗಡಿನ ಏರುತಗ್ಗನ್ನು ಮುಚ್ಚಿದರೂ ಎಣ್ಣೆ, ಮಣ್ಣನ್ನು ಹಿಡಿದುಕೊಳ್ಳುತ್ತದೆ. ಎರಡರ ನಡುವಿನ ಸ್ಯಾಟಿನ್ ಹೆಚ್ಚಿನ ಕಾರುಗಳಿಗೆ ಒಪ್ಪುತ್ತದೆ. ಹಳೆಯ ಕಾರ್ಖಾನೆಯ ಕೆಲಸದ ರೂಪಕ್ಕೂ ಅದೇ ಹತ್ತಿರ.

ಬಣ್ಣದ ಛಾಯೆಗೂ ಕೆಲಸವಿದೆ. ಕಪ್ಪು ತಳದಲ್ಲಿ ಎಂಜಿನ್ ಆಯಿಲ್ ಒಸರುವುದು, ಬೆಸುಗೆ ಬಿರುಕು ಬಿಡುವುದು ಕಾಣುವುದೇ ಇಲ್ಲ. ತಿಳಿ ಬೂದು ಅಥವಾ ಬಾಡಿಯ ತಿಳಿಬಣ್ಣವಿದ್ದರೆ ಟಾರ್ಚು ಬಿಟ್ಟ ಕೂಡಲೇ ಗೊತ್ತಾಗುತ್ತದೆ. ಮೂಲ ಬಣ್ಣ ಕಪ್ಪೇ ಎಂಬ ಸಾಕ್ಷಿ ಇಲ್ಲದಿದ್ದರೆ, ದಿನಾ ಓಡುವ ಕಾರಿಗೆ ನನ್ನ ಓಟು ಬೂದು ಬಣ್ಣಕ್ಕೆ.

ಗನ್ ಎತ್ತುವ ಮುನ್ನ ಬಣ್ಣ ತಾಗಬಾರದ ಜಾಗಗಳನ್ನು ಮುಚ್ಚಬೇಕು: ಬ್ರೇಕಿನ ರಬ್ಬರ್ ಹೋಸ್, ಗ್ರೀಸ್ ನಿಪ್ಪಲ್, ಬೋಲ್ಟಿನ ಥ್ರೆಡ್ಡುಗಳು, ಅರ್ಥ್ ವೈರ್ ಕೂರುವ ಜಾಗ. ಬಾಗಿಲ ಕೆಳಗಿನ ನೀರಿಳಿಯುವ ತೂತುಗಳು ಮುಚ್ಚಿಹೋದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಚಾಸಿ ನಂಬರಿನ ಮೇಲೆ ದಪ್ಪ ಲೇಪ ಬಿದ್ದರೆ ಆರ್‌ಟಿಒಗೆ ಕೊಡುವ ಪೆನ್ಸಿಲ್ ಪ್ರಿಂಟ್ ಮೂಡುವುದಿಲ್ಲ. 2021ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರುಗಳು ವಿಂಟೇಜ್ ನೋಂದಣಿ ಪಡೆಯಬಹುದು. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿ ಉಳಿದಿರಬೇಕೆಂಬುದು ಅದರ ಷರತ್ತು. ಆ ನಂಬರು ಓದುವಂತಿರುವುದು ಕಾರಿನ ಗುರುತಿಗೆ ಆಧಾರ.

ಕಾರು ಬಾಳುವ ಊರು

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ನಿಂತ ಕಾರಿಗೂ ಕೊಡಗಿನ ಕಾಫಿ ತೋಟದಲ್ಲಿ ದುಡಿಯುವ ಜೀಪಿಗೂ ಒಂದೇ ಔಷಧಿ ಇಲ್ಲ. ಸೂರಿನ ಅಡಿ ನಿಂತು ವರ್ಷಕ್ಕೊಮ್ಮೆ ರ್‍ಯಾಲಿಗೆ ಹೋಗುವ ಕಾರಿಗೆ ಎಪಾಕ್ಸಿ, ಅದರ ಮೇಲೆ ಮೂಲದಂಥ ಬಣ್ಣ ಸಾಕು. ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ಓಡುವ ಪದ್ಮಿನಿಗೆ ಚಕ್ರದ ಗೂಡುಗಳಲ್ಲಿ ಸ್ಟೋನ್ ಚಿಪ್, ತೊಲೆಗಳ ಒಳಗೆ ಮೇಣ ಸೇರಿಸಬೇಕು. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಕರಾವಳಿಯಲ್ಲಾದರೆ ಇಷ್ಟೂ ಬೇಕು, ಜೊತೆಗೆ ಪ್ರತಿ ಮಳೆಗಾಲದ ನಂತರ ತಳ ತೊಳೆದು, ಒಣಗಿಸಿ, ಟಾರ್ಚು ಹಿಡಿದು ನೋಡುವ ಶಿಸ್ತೂ ಬೇಕು.

ಎಷ್ಟು ದಪ್ಪ ಬಳಿದೆವು ಎಂಬುದರಿಂದ ತಳಕ್ಕೆ ರಕ್ಷಣೆ ಸಿಗುವುದಿಲ್ಲ. ತುಕ್ಕು ಎದ್ದ ದಿನವೇ ಕಣ್ಣಿಗೆ ತೋರಿಸುವ, ಕೆಟ್ಟಷ್ಟೇ ಜಾಗವನ್ನು ಕೆರೆದು ಸರಿಪಡಿಸಲು ಬಿಡುವ ತೆಳುವಾದ ಗಟ್ಟಿ ಬಣ್ಣವೇ ಒಳ್ಳೆಯ ಬಣ್ಣ. ಮನೆಯಂಗಳದಲ್ಲಿ ತಂದೆಯದೋ ಅಜ್ಜನದೋ ಕಾರು ಹೊದಿಕೆಯಡಿ ನಿಂತಿದ್ದರೆ, ಬಾಡಿಯ ಬಣ್ಣ ಆರಿಸುವ ಮೊದಲು ಅದನ್ನು ರ್‍ಯಾಂಪಿಗೆ ಏರಿಸಿ ತಳ ನೋಡಿ. ಖರ್ಚಿನ ಮೊದಲ ಪಾಲನ್ನು ಅಲ್ಲಿಗೇ ಎತ್ತಿಡಿ.