ನೀರೊಳಗಣ ಗುಹೆಯೂ ಕಲಿಸುವವನ ಹೊಣೆಯೂ

ತೆರೆದ ನೀರಿನಲ್ಲಿ ಮುಳುಗಿದವನಿಗೆ ಅಪಾಯವೊದಗಿದರೆ ಮೇಲಕ್ಕೇಳುವ ದಾರಿಯಾದರೂ ಉಂಟು. ನೀರು ತುಂಬಿದ ಗುಹೆಯನ್ನು ಹೊಕ್ಕವನಿಗೆ ಅದೂ ಇಲ್ಲ. ತಲೆಯ ಮೇಲಿರುವುದು ಬಂಡೆ. ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಅಲ್ಲಿಯವರೆಗೆ ಬೆನ್ನಿನ ಸಿಲಿಂಡರಿನ ಗಾಳಿ ಸಾಲಬೇಕು. ಇಂತಹ ವಿದ್ಯೆಯನ್ನು ತರುಣರಿಗೆ ಕಲಿಸಬಹುದೆ, ಅದರ ರೋಮಾಂಚವನ್ನು ಬಣ್ಣಿಸಿ ಅವರನ್ನು ಕರೆಯಬಹುದೆ?

ಲೆಕ್ಕವೇನೋ ಸುಲಭವಾದುದೇ. ನೀರಿನಲ್ಲಿ ಪ್ರತಿ ೧೦ ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ೩೦ ಮೀಟರಿನಲ್ಲಿ ಅದು ಮೇಲಿನದರ ನಾಲ್ಕರಷ್ಟು. ಮೇಲೆ ನಿಮಿಷಕ್ಕೆ ೨೦ ಲೀಟರ್ ಗಾಳಿಯನ್ನು ಉಸಿರಾಡುವವನು ಅಲ್ಲಿ, ಬಾಯ್ಲನ ನಿಯಮದಂತೆ, ೮೦ ಲೀಟರಿನಷ್ಟನ್ನು ವ್ಯಯಿಸುತ್ತಾನೆ. ೨೪೦೦ ಲೀಟರ್ ಗಾಳಿಯನ್ನು ಅದುಮಿ ತುಂಬಿದ ಸಿಲಿಂಡರು ೩೦ ನಿಮಿಷಗಳಲ್ಲಿ ಬರಿದು. ಇದರಲ್ಲಿ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಉಳಿದ ಪಾಲು ಜೊತೆಗಾರನ ಗಾಳಿ ಕೆಟ್ಟಾಗ ಅವನಿಗೆ. ಇದು ಗುಹೆಯಲ್ಲಿ ಮುಳುಗುವವರ ನಿಯಮ. ಆದರೆ ಹೋದಷ್ಟೇ ಹೊತ್ತಿನಲ್ಲಿ ಬರಬಹುದೆಂದು ಈ ಲೆಕ್ಕ ಭಾವಿಸಿಕೊಂಡಿದೆ. ಕಾಲಿನ ಒಂದು ಬೀಸಿಗೆ ತಳದ ಹೂಳೆದ್ದು ಕೈಯ ದೀಪವೇ ಕಾಣದಂತಾದಾಗ, ಹಗ್ಗವನ್ನು ತಡವುತ್ತ ಬರುವವನಿಗೆ ಹೊತ್ತು ಹೆಚ್ಚು ಬೇಕು. ಹೆದರಿಕೆಗೆ ಉಸಿರಾಟವೂ ಹೆಚ್ಚುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ ಗಣಿತದ ಉಪಾಧ್ಯಾಯರಾಗಿದ್ದ ಷೆಕ್ ಎಕ್ಸ್‌ಲಿಯವರು ೧೯೭೯ರಲ್ಲಿ ಇಂತಹ ಸಾವುಗಳನ್ನೇ ಪರಿಶೀಲಿಸಿ, ಬದುಕಿ ಬರುವ ನಿಯಮಗಳ ಪುಸ್ತಕವೊಂದನ್ನು ಬರೆದರು. ೧೯೯೪ರಲ್ಲಿ ಮೆಕ್ಸಿಕೋ ದೇಶದ ಸಕಟೋನ್ ಎಂಬ ಆಳವಾದ ನೀರ್ಗುಂಡಿಯ ತಳವನ್ನು ಮುಟ್ಟಹೋಗಿ ಅವರೇ ತೀರಿಕೊಂಡರು. ಅವರು ಅರಿಯದೆ ಹೋದವರಲ್ಲ. ಫ್ಲಾರಿಡಾದ ಗುಹೆಗಳ ಬಾಯಲ್ಲಿ ಮುಂದೆ ಹೋಗಬೇಡಿರೆಂಬ ಫಲಕಗಳಿವೆ. ಇಲ್ಲಿ ಸತ್ತವರಲ್ಲಿ ಮುಳುಗುವುದನ್ನು ಕಲಿಸುತ್ತಿದ್ದವರೂ ಇದ್ದಾರೆಂದು ಅವು ಸಾರುತ್ತವೆ.

ಹಾಗಾದರೆ ಕಲಿಸುವುದನ್ನೇ ನಿಲ್ಲಿಸೋಣವೆ? ೨೦೧೮ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ೧೨ ಮಂದಿ ಹುಡುಗರೂ ಅವರ ತರಬೇತುದಾರನೂ ಸಿಕ್ಕಿಕೊಂಡಾಗ, ಅವರನ್ನು ಮೊದಲು ಕಂಡವರು ಹವ್ಯಾಸಕ್ಕಾಗಿ ಗುಹೆಗಳಲ್ಲಿ ಮುಳುಗುತ್ತಿದ್ದ ಇಬ್ಬರು ಬ್ರಿಟಿಷರು. ಅನುಭವಿಯಾದ ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಕುನನ್ ಅಲ್ಲಿಯೇ ಮಡಿದರು. ನಿಷ್ಪ್ರಯೋಜಕವೆನ್ನಿಸಿದ್ದ ಹವ್ಯಾಸ ಆ ಹುಡುಗರ ಜೀವವನ್ನು ಉಳಿಸಿತೆಂಬುದನ್ನು ಅಲ್ಲಗಳೆಯಲಾಗದು. ಆದುದರಿಂದ ಕೇಳಿ ಬಂದವನಿಗೆ ಕಲಿಸುವುದನ್ನು ನಾವು ತಪ್ಪೆನ್ನುವುದಿಲ್ಲ. ಕೇಳದವನಲ್ಲಿ ಆಸೆ ಹುಟ್ಟಿಸಿ ಶುಲ್ಕ ಪಡೆಯುವುದು ಬೇರೆಯ ಮಾತು.

ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ಇಂತಹ ಗುಹೆಗಳಿಲ್ಲವಲ್ಲ ಎಂದು ವಾಚಕರು ಕೇಳಬಹುದು. ಮಳೆನೀರಿಗೆ ಕರಗಿ ಪೊಳ್ಳಾಗುವ ಸುಣ್ಣಕಲ್ಲು ಫ್ಲಾರಿಡಾದ್ದು; ದೇವಾಲಯಗಳನ್ನು ಕಡೆದ ನಮ್ಮ ಬಳಪದ ಕಲ್ಲು ಹಾಗೆ ಕರಗುವುದಿಲ್ಲ. ಆದರೆ ಇದು ಅರಸಿಯೊಬ್ಬಳ ಕೆರೆಯಿಂದಲೇ ಹೆಸರು ಪಡೆದ ಊರಿರುವ ಸೀಮೆ. ಹಳೇಬೀಡಿನ ಹಳೆಯ ಹೆಸರಾದರೂ ದ್ವಾರಸಮುದ್ರ. ಹಳೆಯ ಕೆರೆಗಳಿಗೆ ತೂಬುಗಳುಂಟು; ಏರಿಯ ಅಡಿಯಲ್ಲಿ ಹಾದುಹೋಗುವ ಆ ಕಲ್ಲಿನ ಕಾಲುವೆ ಮನುಷ್ಯನೇ ಕಟ್ಟಿದ ನೀರ್ಗುಹೆಯಲ್ಲವೆ? ೫ ಮೀಟರ್ ಆಳದಲ್ಲಿ ೩೦ ಸೆಂಟಿಮೀಟರ್ ಬದಿಯ ಚೌಕ ಕಂಡಿಯೊಂದು ತೆರೆದಿದೆಯೆನ್ನಿ. ಅದರ ಅತ್ತಕಡೆ ಬರಿಯ ಗಾಳಿ. ಈಜುಗಾರನ ಮೈ ಆ ಕಂಡಿಯನ್ನು ಮುಚ್ಚಿಕೊಂಡರೆ ಅವನನ್ನು ಒತ್ತುವ ಬಲ ಸುಮಾರು ೪೫೦ ಕಿಲೋಗ್ರಾಂ ತೂಕಕ್ಕೆ ಸಮ. ದಡದ ಮೇಲಿರುವ ನಾಲ್ವರು ಗೆಳೆಯರು ಸೇರಿ ಎಳೆದರೂ ಅವನು ಬಿಡಿಸಿಕೊಳ್ಳಲಾರ. ಮೇಲಿನ ನೀರು ಮಾತ್ರ ಅಲುಗದಂತೆ ಕಾಣುತ್ತಿರುತ್ತದೆ.

ದ್ರವಗಳ ಒತ್ತಡವನ್ನು ಕುರಿತ ಪಾಠದಲ್ಲಿ ನಾವು ಈ ತೂಬಿನ ಲೆಕ್ಕವನ್ನೇ ಮೊದಲು ಕೊಡುತ್ತೇವೆ. ಸಿಲಿಂಡರಿನ ಲೆಕ್ಕ ಆಮೇಲೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಕಡಲಿನಲ್ಲಿ ಒಮ್ಮೆ ಸ್ಕೂಬಾ ಮುಳುಗಿ ಬಂದವರು ತರಗತಿಯಲ್ಲಿದ್ದರೆ, ಅಲ್ಲಿ ತಲೆಯ ಮೇಲೆ ಏನಿತ್ತೆಂದು ಕೇಳುತ್ತೇವೆ. ಬಳಿಕ ಮರಳುವ ಹೊತ್ತನ್ನು ೧೦ರ ಬದಲು ೨೦ ನಿಮಿಷವೆಂದಿಟ್ಟುಕೊಂಡು, ಜೊತೆಗಾರನಿಗೂ ಗಾಳಿ ಹಂಚುತ್ತ, ಲೆಕ್ಕವನ್ನು ಮತ್ತೆ ಮಾಡಿಸುತ್ತೇವೆ. ಗಾಳಿ ಅರ್ಧ ದಾರಿಗೇ ಮುಗಿಯುತ್ತದೆ. ಆ ಉತ್ತರವನ್ನು ತಾವೇ ಬರೆದ ಮೇಲೆಯೂ, ಸಿಲಿಂಡರು ಬಾಡಿಗೆಗೆ ಎಲ್ಲಿ ಸಿಗುತ್ತದೆಂದು ಕೇಳುವವರು ಇಲ್ಲದಿಲ್ಲ.