ಆಫ್ ಆಗುವ ಕಾರು, ಕಾಯುವ ಮೇಸ್ತ್ರಿ

ಕಾರ್ಕಳ ಕಡೆಯ ಅಜೆಕಾರಿನಂಥ ಪೇಟೆಗಳಲ್ಲಿ ಹಳೆ ಮಾರುತಿ 800 ಮತ್ತು ಓಮ್ನಿಗಳ ಕಾಲ ಇನ್ನೂ ಮುಗಿದಿಲ್ಲ. ತೋಟದ ಗೊಬ್ಬರ, ಅಡಿಕೆ ಗೋಣಿ, ಕಾರ್ಕಳದ ಆಸ್ಪತ್ರೆಗೆ ಹೊರಟ ಅಜ್ಜಿ, ಎಲ್ಲಕ್ಕೂ ಅದೇ ಗಾಡಿ. ಇಂಥ ಗಾಡಿಗಳಿಗೆ ಒಂದು ವಿಚಿತ್ರ ಕಾಯಿಲೆ ಬರುವುದುಂಟು. ಓಡುವಾಗ ಏನೂ ತೊಂದರೆಯಿಲ್ಲ. ಹಂಪ್ ಹತ್ತಿರ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ನಡುಗುತ್ತದೆ, ಆಫ್ ಆಗುತ್ತದೆ. ಅದೂ ದಿನಾ ಅಲ್ಲ. “ಮನೆಯಿಂದ ಹೊರಡುವಾಗ ಎರಡು ಸಲ ಆಫ್ ಆಗಿತ್ತು ಮಾರಾಯ್ರೇ, ಇಲ್ಲಿ ಬಂದ ಕೂಡಲೇ ಸರಿಯಾಯಿತು” ಎಂಬ ಮಾತನ್ನು ಕೇಳದ ಗ್ಯಾರೇಜು ಕರಾವಳಿಯಲ್ಲಿ ಇರಲಿಕ್ಕಿಲ್ಲ. ಈ ಬಂದುಹೋಗುವ ದೋಷವನ್ನು ಹಿಡಿಯುವುದೇ ಒಂದು ವಿದ್ಯೆ.

ಮಾರುತಿ 800ರ ಮೊದಲ ಕಾರು ಗಿರಾಕಿಯ ಕೈಸೇರಿದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಓಮ್ನಿ 2019ರವರೆಗೂ ಬಂತು. ಎರಡರಲ್ಲೂ ಇರುವುದು 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್. ಮೂರರಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಶಕ್ತಿಯ ಮೂರನೇ ಒಂದು ಪಾಲು ಹೋದಂತೆ. ಹಾಗಾಗಿ ಈ ಕಾರುಗಳಲ್ಲಿ ಮಿಸ್ಸಿಂಗ್ ಬಂದರೆ ಸ್ಟೇರಿಂಗ್ ಹಿಡಿದ ಕೈಗೇ ಗೊತ್ತಾಗುತ್ತದೆ.

ಐಡ್ಲಿಂಗಿನಲ್ಲಿ, ಅಂದರೆ ಗ್ಯಾರೇಜಿನವರು ‘ಸ್ಲೋ’ ಎನ್ನುವ ಸ್ಥಿತಿಯಲ್ಲಿ, ಎಂಜಿನ್ ನಿಮಿಷಕ್ಕೆ ಸುಮಾರು 900 ಸುತ್ತು ತಿರುಗುತ್ತದೆ. ಆಗ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಕಾರ್ಬೊರೇಟರ್ ಗಾಡಿಯಾದರೆ ಸ್ಲೋ ಜೆಟ್ಟಿನ ಕೂದಲೆಳೆಯಷ್ಟು ಸಣ್ಣ ತೂತಿನಲ್ಲಿ ಇಳಿಯುವ ಪೆಟ್ರೋಲೇ ಅದರ ಉಸಿರು. ಅಲ್ಲಿ ಒಂದು ಕಣ ಕಸ ಸಿಕ್ಕಿಕೊಂಡರೂ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಸೂಕ್ಷ್ಮ ಬಿರುಕಿನಿಂದ ಗಾಳಿ ನುಗ್ಗಿದರೂ ಸ್ಲೋ ನಿಲ್ಲುವುದಿಲ್ಲ. ವೇಗದಲ್ಲಿ ಇದೇ ದೋಷ ಮುಚ್ಚಿಹೋಗುತ್ತದೆ, ಏಕೆಂದರೆ ಆಗ ಗಾಳಿ ಮತ್ತು ಪೆಟ್ರೋಲ್ ಎರಡೂ ಧಾರಾಳ.

ಬಲ್ಲ ಮೇಸ್ತ್ರಿ ಬಾನೆಟ್ ತೆಗೆಯುವ ಮೊದಲು ಪ್ರಶ್ನೆ ಕೇಳುತ್ತಾನೆ. ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಮಳೆ ಬಂದ ದಿನವೋ? ಹೆಡ್‌ಲೈಟ್ ಹಾಕಿದಾಗಲೋ? ಬ್ರೇಕ್ ತುಳಿದಾಗಲೋ? ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯಿತೋ? ಒಂದೊಂದು ಉತ್ತರವೂ ಒಂದೊಂದು ದಾರಿ ತೋರಿಸುತ್ತದೆ. ಬಿಸಿಯಾದ ಮೇಲೆ ಆಫ್ ಆಗಿ, ತಣಿದ ಮೇಲೆ ಮತ್ತೆ ಸ್ಟಾರ್ಟ್ ಆಗುವುದಾದರೆ ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಸಂಶಯ. ಬೂಸ್ಟರ್ ಇರುವ ಗಾಡಿಯಲ್ಲಿ ಬ್ರೇಕ್ ತುಳಿದಾಗ ಸ್ಲೋ ಬದಲಾದರೆ ಅದರ ಗಾಳಿಯ ಪೈಪನ್ನು ನೋಡಬೇಕು. ದೂರ ಓಡಿದ ಮೇಲೆ ನಿಲ್ಲುವ ಗಾಡಿಯ ಟ್ಯಾಂಕಿನ ಮುಚ್ಚಳ ತೆಗೆದಾಗ ‘ಸುಂಯ್’ ಎಂದು ಗಾಳಿ ಒಳಗೆಳೆದರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ ಎಂದರ್ಥ.

ನಮ್ಮ ಕಡೆ ಮಳೆಗಾಲದ ಪ್ರಶ್ನೆಗೆ ಬೆಲೆ ಹೆಚ್ಚು. ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವ ಗಾಡಿಗಳು ತಿಂಗಳುಗಟ್ಟಲೆ ಒದ್ದೆಯಲ್ಲೇ ಓಡುತ್ತವೆ. ಡೆಲ್ಕೋ (ಡಿಸ್ಟ್ರಿಬ್ಯೂಟರ್) ಮುಚ್ಚಳದ ಒಳಗೆ ತೇವ ಕೂತರೆ, ಪ್ಲಗ್ ವೈರಿನ ರಬ್ಬರ್ ಬಿರಿದಿದ್ದರೆ ಕಿಡಿ ಪ್ಲಗ್ಗಿಗೆ ತಲುಪುವ ಮೊದಲೇ ಎಂಜಿನ್ನಿನ ಕಬ್ಬಿಣಕ್ಕೆ ಹಾರುತ್ತದೆ. ಹಗಲಲ್ಲಿ ಅದು ಕಾಣುವುದಿಲ್ಲ. ಹಳಬರು ಕತ್ತಲಾಗುವವರೆಗೆ ಕಾಯುತ್ತಾರೆ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಎಂಜಿನ್ ಸ್ಟಾರ್ಟ್ ಇಟ್ಟು, ಇಸ್ತ್ರಿಗೆ ನೀರು ಚಿಮುಕಿಸುವ ಬಾಟ್ಲಿಯಿಂದ ವೈರುಗಳ ಮೇಲೆ ಮಂಜಿನಷ್ಟು ನೀರು ಬಿಡುತ್ತಾರೆ. ಎಲ್ಲಿ ಲೀಕ್ ಇದೆಯೋ ಅಲ್ಲಿ ನೀಲಿ ಎಳೆಯೊಂದು ಚಟಚಟ ಎಂದು ಕುಣಿಯುತ್ತದೆ, ಅದೇ ಹೊತ್ತಿಗೆ ಎಂಜಿನ್ ತಡವರಿಸುತ್ತದೆ. ಹಗಲಿಡೀ ಹುಡುಕಿ ಸಿಗದ ದೋಷ ಹೀಗೆ ಕ್ಷಣದಲ್ಲಿ ಸಿಕ್ಕಿಬೀಳುವುದನ್ನು ನೋಡುವುದೇ ಒಂದು ಸಂತೋಷ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರುವ ಇಲಿಗಳನ್ನೂ ಮರೆಯುವಂತಿಲ್ಲ. ಅರ್ಧ ಕಡಿದ ವೈರು ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಹಳೆಯ ಕ್ರಮವೊಂದಿದೆ. ಹಿಡಿಗೆ ರಬ್ಬರ್ ಕವಚ ಇರುವ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಬಿಡಿಸುವುದು. ಬಿಡಿಸಿದಾಗ ಎಂಜಿನ್ ಕುಸಿದರೆ ಆ ಸಿಲಿಂಡರ್ ಸರಿಯಿದೆ. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಗಳಲ್ಲಿ ಇದರ ಬದಲು ಇಂಜೆಕ್ಟರಿನ ಕಪ್ಲರ್ ಬಿಡಿಸುತ್ತಾರೆ. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾರೆ. ತಿಳಿ ಕಂದು ಇದ್ದರೆ ಕ್ಷೇಮ. ಒಣ ಕರಿಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬಿಳಿಚಿದ್ದರೆ ಗಾಳಿ ಜಾಸ್ತಿ.

ಎಂಪಿಎಫ್‌ಐ ಬಂದ ಮೇಲೆ ಮಿಕ್ಸ್ಚರ್ ಸ್ಕ್ರೂ ತಿರುಗಿಸುವ ಕೆಲಸ ಹೋಯಿತು. ಥ್ರಾಟಲ್ ಬಾಡಿಯಲ್ಲಿ ಕಟ್ಟುವ ಕಾರ್ಬನ್, ಜಿಗುಟಾದ ಐಡಲ್ ವಾಲ್ವ್, ತಪ್ಪು ಲೆಕ್ಕ ಕೊಡುವ ಸೆನ್ಸರ್, ತುಕ್ಕು ಹಿಡಿದ ಅರ್ತ್ ವೈರು ಹೊಸ ಕಾರಣಗಳಾದವು. ಮೊದಮೊದಲ ಎಂಪಿಎಫ್‌ಐ ಮಾರುತಿಗಳಲ್ಲಿ ಡಯಾಗ್ನೋಸಿಸ್ ಕಪ್ಲರಿಗೆ ತುಂಡು ವೈರು ಸಿಕ್ಕಿಸಿದರೆ ಚೆಕ್ ಎಂಜಿನ್ ದೀಪ ಮಿನುಗಿ ಕೋಡ್ ಹೇಳುತ್ತದೆ. 12 ಎಂದು ಮಿನುಗಿದರೆ ಯಾವ ದೋಷವೂ ದಾಖಲಾಗಿಲ್ಲ. ಆದರೆ ಸಡಿಲವಾದ ಅರ್ತ್ ಕೋಡ್ ಬರೆಯದೆಯೂ ಗಾಡಿ ನಿಲ್ಲಿಸಬಲ್ಲದು. ಸ್ಕ್ಯಾನರ್ ಇದ್ದರೂ ವೈರನ್ನು ಕೈಯಿಂದ ಅಲುಗಾಡಿಸಿ ನೋಡುವ ಅಭ್ಯಾಸ ಬಿಡಬಾರದೆನ್ನುವುದು ಇದಕ್ಕೇ.

ಈಚೆಗೆ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥೆನಾಲ್ ನೀರನ್ನು ಹೀರುತ್ತದೆ. ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಅದನ್ನು ಲೆಕ್ಕದಲ್ಲಿಟ್ಟು ಮಾಡಿದ್ದಲ್ಲ. ಓಡಿಸದೆ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯವರು ಪೈಪುಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ದೋಷ ಖಚಿತವಾಗದೆ ಪ್ಲಗ್, ಕಾಯಿಲ್, ಪಂಪು ಎಂದು ಸಾಲಾಗಿ ಬದಲಾಯಿಸುವುದು ರಿಪೇರಿಯಲ್ಲ. ಒಟ್ಟಿಗೆ ನಾಲ್ಕು ಭಾಗ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂಬುದು ಮೇಸ್ತ್ರಿಗೂ ತಿಳಿಯುವುದಿಲ್ಲ. ಒಂದನ್ನು ಮುಟ್ಟಿ, ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಹೋಗುವವನೇ ನಿಜವಾದ ಕಸುಬುದಾರ. ಅದಕ್ಕೆ ಸಮಯ ಬೇಕು. ಎರಡು ದಿನ ಹುಡುಕಿ ಕೊನೆಗೆ ಒಂದು ಸಣ್ಣ ರಬ್ಬರ್ ಪೈಪು ಬದಲಾಯಿಸಿದ ಮೇಸ್ತ್ರಿಗೆ ಪೈಪಿನ ಕ್ರಯ ಮಾತ್ರ ಕೊಟ್ಟು ಬರುವುದು ಅನ್ಯಾಯ.

ನಿಮ್ಮ ಹಳೆ ಗಾಡಿಗೂ ಈ ಕಾಯಿಲೆ ಇದ್ದರೆ ಸ್ಕ್ರೂಗಳನ್ನು ನೀವೇ ತಿರುಗಿಸಲು ಹೋಗಬೇಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಸ್ಟಾರ್ಟ್ ಇಟ್ಟು ಪರೀಕ್ಷಿಸಲೇಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಯಾವಾಗ ಆಫ್ ಆಯಿತು, ಮಳೆಯಿತ್ತೇ, ಎಂಜಿನ್ ಬಿಸಿಯಿತ್ತೇ, ಲೈಟ್ ಹಾಕಿತ್ತೇ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಗಾಡಿಯನ್ನು ಮೇಸ್ತ್ರಿಯ ಹತ್ತಿರ ಒಂದು ರಾತ್ರಿ ಬಿಟ್ಟುಬನ್ನಿ, ಹುಡುಕಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.