ಅತ್ತಿಮಬ್ಬೆಯ ಸಾವಿರ ಪ್ರತಿಗಳು

ಮೊನ್ನೆ ಬಿ.ಎ. ತರಗತಿಯಲ್ಲಿ ರನ್ನನ ‘ಅಜಿತಪುರಾಣ’ದ ವಿಷಯ ಹೇಳುತ್ತಿದ್ದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದ ಪ್ರಸಂಗ ಬಂದಿತು. ಈ ಮಾತನ್ನು ಪ್ರತಿವರ್ಷವೂ ಸ್ವಲ್ಪ ದನಿಯೇರಿಸಿ ಹೇಳುವುದು ನನ್ನ ವಾಡಿಕೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಹೋದ ವಾರ ನಾನು ಕಾದಂಬರಿಯ ಪಿ.ಡಿ.ಎಫ್. ಅನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದಕ್ಕೆ ಕಳ್ಳತನ ಎಂದಿರಿ. ಅತ್ತಿಮಬ್ಬೆ ಮಾಡಿದರೆ ದಾನ, ನಾನು ಮಾಡಿದರೆ ಕಳ್ಳತನವೆ?” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಆ ಹೊತ್ತಿಗೆ ಗಂಟೆ ಹೊಡೆದದ್ದು ನನ್ನ ಪುಣ್ಯ.

ಉತ್ತರ ಹೊಳೆದದ್ದು ಮನೆಗೆ ಬರುವ ದಾರಿಯಲ್ಲಿ. ಪೊನ್ನನಿಂದ ಆ ಕಾವ್ಯವನ್ನು ಬರೆಯಿಸಿದವರು ಮಲ್ಲಪ ಮತ್ತು ಪುನ್ನಮಯ್ಯ; ಅತ್ತಿಮಬ್ಬೆ ಆ ಮಲ್ಲಪನ ಮಗಳು. ಕಾವ್ಯವನ್ನು ಬರೆಯಿಸಿದ ಮನೆಯೇ ಅದರ ಪ್ರತಿಗಳಿಗೂ ಹಣ ತೆತ್ತಿತು. ಅಂದು ಒಂದೊಂದು ಪ್ರತಿಗೂ ಓಲೆಗರಿ ಬೇಕು, ಲಿಪಿಕಾರನ ದುಡಿಮೆ ಬೇಕು. ಇಂದಿನ ಪ್ರತಿಗೆ ಬೆರಳಿನ ಒಂದು ಸೋಕು ಸಾಕು. ಉತ್ತರವೇನೋ ಚೆನ್ನಾಗಿಯೇ ಇತ್ತು. ಆದರೂ ಒಂದು ಮುಳ್ಳು ಉಳಿಯಿತು: ಪುಕ್ಕಟೆಯಾಗಿ ಓದಿದವನು ಪುಸ್ತಕವನ್ನು ಹೇಗೂ ಕೊಳ್ಳುವವನಲ್ಲದಿದ್ದರೆ, ಲೇಖಕ ಕಳೆದುಕೊಂಡದ್ದೇನು?

ಜಗತ್ತು ಕಾಲುಶತಮಾನದಿಂದ ಜಗಳವಾಡುತ್ತಿರುವುದು ಈ ಪ್ರಶ್ನೆಯನ್ನು ಕುರಿತೇ. 1999ರಲ್ಲಿ ಅಮೆರಿಕದಲ್ಲಿ ನ್ಯಾಪ್‌ಸ್ಟರ್ ಹುಟ್ಟಿತು. ಒಬ್ಬನ ಕಂಪ್ಯೂಟರಿನಲ್ಲಿದ್ದ ಹಾಡನ್ನು ಇನ್ನೊಬ್ಬನು ಪುಕ್ಕಟೆ ಇಳಿಸಿಕೊಳ್ಳುವ ಏರ್ಪಾಡು ಅದು. ನ್ಯಾಯಾಲಯದ ಆಜ್ಞೆಯಿಂದ 2001ರಲ್ಲಿ ಅದು ಮುಚ್ಚಿದರೂ ಅದರ ಸಂತತಿ ಬೆಳೆಯಿತು. ಧ್ವನಿಮುದ್ರಿತ ಸಂಗೀತದ ಜಾಗತಿಕ ವರಮಾನ 1999ರಿಂದ 2014ರ ವರೆಗೆ ಹೆಚ್ಚುಕಡಮೆ ಶೇಕಡ 40ರಷ್ಟು ಕುಸಿಯಿತು. ಕಾರಣ ಕಳ್ಳಪ್ರತಿಯೇ ಎಂದು ಕಂಪೆನಿಗಳು ಕೂಗಿದವು.

ಅದು ಹಾಗಲ್ಲ ಎಂದು 2007ರಲ್ಲಿ ವಾದಿಸಿದವರು ಓಬರ್‌ಹೋಲ್ಟ್ಸರ್-ಗೀ ಮತ್ತು ಸ್ಟ್ರಂಫ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು. ಅವರ ಉಪಾಯ ನನಗೆ ಬಹಳ ಹಿಡಿಸಿತು. ಜನಪ್ರಿಯವಾದ ಹಾಡಿಗೆ ಮಾರಾಟವೂ ಹೆಚ್ಚು, ಕಳವೂ ಹೆಚ್ಚು. ಎರಡನ್ನೂ ಹೋಲಿಸಿದರೆ ಏನೂ ತಿಳಿಯದು. ಆದುದರಿಂದ ಅವರು ಜರ್ಮನಿಯ ಶಾಲಾ ರಜೆಗಳನ್ನು ಹಿಡಿದರು! ರಜೆ ಬಂದರೆ ಅಲ್ಲಿನ ಹುಡುಗರು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಅಮೆರಿಕದವರಿಗೆ ಸಿಗುವ ಪುಕ್ಕಟೆ ಹಾಡುಗಳು ಹೆಚ್ಚುತ್ತವೆ. ಆ ದಿನಗಳಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರಾಟ ಇಳಿಯಿತೆ? ಇಳಿದದ್ದು ಸೊನ್ನೆಗೆ ಸಮೀಪ ಎಂದರು. ಲೀಬೊವಿಟ್ಸ್ ಎಂಬ ಮತ್ತೊಬ್ಬ ವಿದ್ವಾಂಸ ಆ ಲೆಕ್ಕವನ್ನೇ ಒಪ್ಪಲಿಲ್ಲ. ತಿಂಗಳ ಚಂದಾ ಕೊಟ್ಟು ಕೇಳುವ ಪದ್ಧತಿ ಬೇರೂರಿದ ಮೇಲೆ, 2015ರಿಂದ, ವರಮಾನ ಮತ್ತೆ ಏರತೊಡಗಿತು.

ನನ್ನದೂ ಒಂದು ಲೆಕ್ಕವಿದೆ. ಎಂ.ಎ. ಓದುವಾಗ ಬಸ್‌ಸ್ಟ್ಯಾಂಡಿನ ಬಳಿ ನಲವತ್ತು ರೂಪಾಯಿಗೆ ಒಂದು ಎಂಪಿ3 ಸಿ.ಡಿ. ಕೊಂಡಿದ್ದೆ. ಅದರಲ್ಲಿ ನೂರೈವತ್ತು ಭಾವಗೀತೆಗಳು. ಹಾಸ್ಟೆಲಿನ ಕೋಣೆಯೆಲ್ಲ ಕೇಳಿತು. ಅದು ಸಿಗದಿದ್ದರೆ ಹದಿನೈದು ಕ್ಯಾಸೆಟ್ಟು ಕೊಳ್ಳುತ್ತಿದ್ದೆನೆ? ಖಂಡಿತ ಇಲ್ಲ. ಎರಡನ್ನು ಕೊಳ್ಳುತ್ತಿದ್ದೆ. ಕಂಪೆನಿಯವರು ನಷ್ಟವನ್ನು ಹದಿನೈದೆಂದು ಬರೆಯುತ್ತಾರೆ, ನನ್ನಂಥವರು ಸೊನ್ನೆಯೆಂದು ಬರೆದುಕೊಳ್ಳುತ್ತೇವೆ. ಆ ಎರಡು ಕ್ಯಾಸೆಟ್ಟುಗಳ ಮಾತನ್ನು ಯಾರೂ ಎತ್ತುವುದಿಲ್ಲ.

ಯುರೋಪಿಯನ್ ಕಮಿಷನ್ 3,60,000 ಯೂರೋ ಕೊಟ್ಟು ಮಾಡಿಸಿದ ಅಧ್ಯಯನವೂ ಅಂಥದೇ ಮಾತನ್ನು ಹೇಳುತ್ತದೆ. 2015ರಲ್ಲಿ ಸಿದ್ಧವಾದ ವರದಿ ಹೊರಬಿದ್ದದ್ದು 2017ರಲ್ಲಿ, ಅದೂ ಯುರೋಪಿಯನ್ ಪಾರ್ಲಿಮೆಂಟಿನ ಸದಸ್ಯೆ ಜೂಲಿಯಾ ರೇಡಾ ಪಟ್ಟುಹಿಡಿದ ಮೇಲೆ. ಸಾಮಾನ್ಯವಾಗಿ ಮಾರಾಟ ಕುಗ್ಗುತ್ತದೆಂಬುದಕ್ಕೆ ಅದರಲ್ಲಿ ಗಟ್ಟಿಯಾದ ಪುರಾವೆ ಸಿಕ್ಕಲಿಲ್ಲ. ಆದರೆ ಆಗತಾನೆ ಬಂದ ದೊಡ್ಡ ಚಿತ್ರಗಳ ಮಟ್ಟಿಗೆ, ಹತ್ತು ಕಳ್ಳನೋಟಕ್ಕೆ ನಾಲ್ಕು ನ್ಯಾಯವಾದ ನೋಟಗಳು ತಪ್ಪುತ್ತವೆಂದು ಅದರ ಅಂದಾಜು. ಸರಾಸರಿಯಲ್ಲಿ ಮುಚ್ಚಿಹೋದ ನಷ್ಟ ಒಬ್ಬನ ಮನೆಬಾಗಿಲಿನಲ್ಲಿ ಪೂರ್ತಿಯಾಗಿ ಕಾಣುತ್ತದೆ. ಮೊದಲ ವಾರವೇ ಆಯುಷ್ಯವೆನ್ನಬಹುದಾದ ಕನ್ನಡ ಚಿತ್ರದ ನಿರ್ಮಾಪಕನಿಗೆ ಜರ್ಮನಿಯ ರಜೆಯಿಂದ ಏನು ಸಮಾಧಾನ? ನಮ್ಮಲ್ಲಿ 2023ರ ತಿದ್ದುಪಡಿಯಿಂದ ಚಿತ್ರವನ್ನು ಕದ್ದು ಮುದ್ರಿಸುವವರಿಗೆ ಮೂರು ವರ್ಷದ ವರೆಗೆ ಸೆರೆವಾಸವಿದೆ. ಗುಂಪಿಗೆ ಬಂದದ್ದನ್ನು ಮುಂದಕ್ಕೆ ತಳ್ಳುವ ನಾವು ಮಾತ್ರ ನಮ್ಮನ್ನು ಕಳ್ಳರ ಸಾಲಿಗೆ ಸೇರಿಸಿಕೊಳ್ಳುವುದಿಲ್ಲ.

ಕಳೆದ ವರ್ಷ ನನ್ನ ಪ್ರಬಂಧಸಂಕಲನವೇ ಒಂದು ಗುಂಪಿನಲ್ಲಿ ಪುಕ್ಕಟೆ ಓಡಾಡುತ್ತಿರುವುದನ್ನು ಕಂಡೆ. ಸುಳ್ಳೇಕೆ, ಮೊದಲು ಸಂತೋಷವೇ ಆಯಿತು: ಓದುವವರಿದ್ದಾರಲ್ಲ! ಮರುವಾರ ಪ್ರಕಾಶಕರ ಮನೆಗೆ ಹೋದಾಗ ಅಟ್ಟದ ಮೇಲೆ ಕಟ್ಟು ಬಿಚ್ಚದ ಮುನ್ನೂರು ಪ್ರತಿಗಳು ಕಂಡವು. ಅವರು ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಎರಡನೆಯ ಪುಸ್ತಕದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪು ಪಿ.ಡಿ.ಎಫ್.ನದೊ ನನ್ನ ಗದ್ಯದ್ದೊ, ಯಾವ ಅರ್ಥಶಾಸ್ತ್ರಜ್ಞ ಹೇಳಬಲ್ಲ?

ಮರುದಿನದ ತರಗತಿಯಲ್ಲಿ ಹುಡುಗನಿಗೆ ಮಲ್ಲಪನ ಕಥೆ ಹೇಳಿದೆ. ಆತ ಗಮನವಿಟ್ಟು ಕೇಳಿ, “ಪುಸ್ತಕಕ್ಕೆ ನಾನೂರು ರೂಪಾಯಿ ಸಾರ್” ಎಂದ.

“ಲೈಬ್ರರಿಯಲ್ಲಿ ಇದೆಯಲ್ಲಪ್ಪ?”

“ಒಂದೇ ಪ್ರತಿ ಸಾರ್. ಅದು ಜೂನ್ ತಿಂಗಳಿನಿಂದ ನಿಮ್ಮ ಹೆಸರಿನಲ್ಲಿದೆ.”

ಅಂದು ಸಂಜೆ ಮಂಚದ ಕೆಳಗಿನ ರಾಶಿಯಲ್ಲಿ ಹುಡುಕಿ, ಧೂಳು ಕೊಡವಿ, ಬೆಳಗ್ಗೆಯೇ ಹಿಂದಿರುಗಿಸಿದೆ.